ಸೊಸೆ ಇಲಿಯ ರಕ್ತದ ಗೆರೆ

ಬೆಳಕು ಹರಿಯುವ ಮೊದಲು ಫಿರೋಜಾ ಮುಗಿಸುವ ಕೆಲಸಗಳು: ನಲ್ಲಿಯಲ್ಲಿ ನೀರು ಬಂದರೆ ಹಿಡಿಯುವುದು, ಬರದಿದ್ದರೆ ಪಕ್ಕದ ಬೀದಿಯಿಂದ ಹೊರುವುದು, ಅತ್ತೆ ಅಕ್ಬರಿ ಬೇಗಂಗೆ ಬಿಸಿನೀರು, ಆಮೇಲೆ ಬಿ.ಪಿ. ಮಾತ್ರೆ, ರೇಷ್ಮೆಗೂಡು ಬೇಯಿಸುವ ಒಲೆ ಹಚ್ಚುವುದು, ಐದು ಜನಕ್ಕೆ ರೊಟ್ಟಿ, ಗಂಡ ಅತೀಕನ ಕಣ್ಣೆದುರಿಗೇ ಇರುವ ಚಪ್ಪಲಿಯನ್ನು ಅವನಿಗೆ ಹುಡುಕಿಕೊಡುವುದು. ಕೊನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಆರೂವರೆಗೆ ರಾಮನಗರದ ಸರ್ಕಲ್ಲಿಗೆ ಕಂಪನಿ ವ್ಯಾನು ಬರುತ್ತದೆ. ಕನಕಪುರ ರಸ್ತೆಯ ಆ ಕಂಪನಿ ಹೊಸ ಔಷಧಗಳನ್ನು ಮೊದಲು ಇಲಿಗಳಿಗೆ ಕೊಟ್ಟು ನೋಡುತ್ತದೆ. ಇಲಿಗಳಿಗೆ ಹೊರಗಿನ ರೋಗ ತಗಲಬಾರದೆಂದು ಕೆಲಸದವರು ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಬಾಗಿಲು ತಟ್ಟಿ ‘ಚಾ ಎಲ್ಲಿ?’ ಎನ್ನುವವರಿಲ್ಲದ ಆ ಹತ್ತು ನಿಮಿಷಕ್ಕಾಗಿ ಫಿರೋಜಾ ಸಂಬಳವಿಲ್ಲದೆಯೂ ಬಂದಾಳು.

ಮೂರನೇ ರೂಮಿನ ಮೂಲೆಯಲ್ಲಿ ಒಂದು ಕಾವಲು ಇಲಿ. ಪ್ರತಿ ಸೋಮವಾರ ಉಳಿದ ಎಲ್ಲ ಪಂಜರಗಳ ಕೊಳೆ ಹೊಟ್ಟನ್ನು ಒಂದೊಂದು ಚಮಚ ತೆಗೆದು ಅದಕ್ಕೆ ಹಾಸಬೇಕು. ರೂಮಿನಲ್ಲಿ ಯಾರಿಗೆ ರೋಗವಿದ್ದರೂ ಅದಕ್ಕೆ ಅಂಟುತ್ತದೆ, ಅದರ ರಕ್ತ ಹೇಳುತ್ತದೆ. ಫಿರೋಜಾ ಅದಕ್ಕೆ ‘ಸೊಸೆ’ ಎಂದು ಹೆಸರಿಟ್ಟಿದ್ದಳು.

“ಅದ್ಯಾಕಮ್ಮಿ ಸೊಸೆ?” ಕಬ್ಬಾಳಿನ ಮಾಯಮ್ಮ ಪಂಜರ ತೊಳೆಯುತ್ತಾ ಕೇಳಿದ್ದಳು.

“ಊರೋರ ಕೊಳೆಯೆಲ್ಲ ಇನ್ಯಾರ ತಲೆಗೆ ಬೀಳ್ತೈತೆ, ಮಾಯಕ್ಕ?”

“ಹಂಗಾರೆ ಅತ್ತೆ ಯಾರು? ಹೊಟ್ಟು ಹಾಕೋ ನೀನೇ ತಾನೆ!”

ಮಾಯಮ್ಮ ನಕ್ಕಳು. ಫಿರೋಜಾಗೆ ಮಾತ್ರ ಅದು ಚುಚ್ಚಿತು. ಅಕ್ಬರಿ ಬೇಗಂ ಆಗುವುದೆಂದರೆ! ಹಳೆಯದರ ಬದಲು ಹೊಸ ಕಾವಲು ಇಲಿ ಬಂದ ದಿನದಿಂದ ಆರು ಸೋಮವಾರ ಅದಕ್ಕೆ ಚೊಕ್ಕ ಹೊಟ್ಟನ್ನೇ ಹಾಸಿದಳು. ಬಾಗಿಲಿನ ಕೆಲಸದ ಪಟ್ಟಿಯಲ್ಲಿ ಮಾತ್ರ ‘ಕೊಳೆ ಹಾಕಿದೆ’ ಎಂದು ಟಿಕ್ ಹೊಡೆದಳು.

ಇವತ್ತು ಇಲಿ ಡಾಕ್ಟರು ಪ್ರತಿಮಾ ಮೇಡಂ ರಕ್ತ ಪರೀಕ್ಷೆಯ ಹಾಳೆ ಹಿಡಿದು ಬಂದರು. ಇಲಿಯ ರಕ್ತದ ತಿಳಿನೀರಿಗೆ ಕರೆಂಟು ಹರಿಸಿದರೆ ಪ್ರೋಟೀನುಗಳು ಗೆರೆಗೆರೆಯಾಗಿ ಬೇರೆಯಾಗುತ್ತವೆ. ರೋಗವಿದ್ದರೆ ಮೊದಲ ಗೆರೆ ಸಣಕಲು, ಕೊನೆಯದು ದಪ್ಪ. ಎರಡು ಇಲಿಗಳದ್ದು ಹಾಗೇ ಬಂದಿತ್ತು.

“ದುಂಡಗೆ ಅವೆ, ಮೇಡಂ. ಮೈಯೆಲ್ಲಾ ಮಿರಮಿರ ಅಂತೈತೆ,” ಎಂದಳು ಫಿರೋಜಾ.

“ಮೈ ನೋಡಿ ಗೊತ್ತಾಗಲ್ಲಮ್ಮ. ರೋಗ ಮೊದಲು ರಕ್ತದಲ್ಲೇ ಕಾಣೋದು. ಆದರೆ ಕಾವಲು ಇಲಿಯ ಗೆರೆ ಸರಿಯಾಗೇ ಇದೆ. ಅಂದ್ರೆ ರೂಮಲ್ಲಿ ರೋಗ ಇಲ್ಲ, ಇವೆರಡೂ ಮಷೀನಿನ ತಪ್ಪು. ನಾಳೆ ಔಷಧ ಶುರು ಮಾಡೋಣ.”

ಮೇಡಂ ಹೊರಟುಹೋದರು. ಕೊಳೆಯೇ ಸೋಕದ ಇಲಿಯ ಗೆರೆ ಸರಿಯಾಗಿರದೆ ಇನ್ನೇನು, ಅದು ಫಿರೋಜಾಗೆ ಮಾತ್ರ ಗೊತ್ತಿತ್ತು. ಸುಳ್ಳು ಟಿಕ್ ಹೊಡೆದ ಪಕ್ಕದ ರೂಮಿನ ಬೋರಲಿಂಗಯ್ಯನನ್ನು ಹೋದ ವರ್ಷ ಅದೇ ದಿನ ಊಟದ ಹೊತ್ತಿಗೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಬಾಯಿ ಬಿಟ್ಟರೆ ಅವಳಿಗೂ ಅದೇ: ಇಡೀ ದಿನ ಅಕ್ಬರಿ ಬೇಗಂ, ಗೂಡಿನ ಹಬೆ, ಚಪ್ಪಲಿ. ಬಿಡದಿದ್ದರೆ ರೋಗದ ಇಲಿಗಳ ಮೇಲೆ ಔಷಧ ಪಾಸಾಗಿ, ಯಾರದೋ ಮನೆಯ ಮುದುಕಿ ಅದನ್ನು ನಂಬಿ ನುಂಗುತ್ತಾಳೆ.

ಮಾಯಮ್ಮ ಊಟಕ್ಕೆ ಕರೆದಳು. “ನೀವು ನಡೀರಿ, ಬತ್ತೀನಿ,” ಎಂದಳು ಫಿರೋಜಾ.

ರೂಮಿನಲ್ಲಿ ಯಾರೂ ಇಲ್ಲದಾಗ ಬಾಗಿಲಿಗೆ ನೇತುಹಾಕಿದ್ದ ಪಟ್ಟಿಯನ್ನು ಇಳಿಸಿದಳು. ಆರು ಟಿಕ್ಕುಗಳನ್ನೂ ಒಂದೊಂದಾಗಿ ಹೊಡೆದುಹಾಕಿ, ಪ್ರತಿಯೊಂದರ ಪಕ್ಕ ‘ಹಾಕಿಲ್ಲ’ ಎಂದು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಪಟ್ಟಿ ಹಿಡಿದು ಮೇಡಂ ರೂಮಿನ ಕಡೆಗೆ ನಡೆದಳು.