ತಿಪ್ಪವ್ವನ ಕಾಗದವಿದ್ದ ಕಂಟೇನರ್

ಹೊಗಳುವುದು ನನ್ನ ಅಭ್ಯಾಸವಲ್ಲ. ವ್ಯಾಪಾರಿ ಹೊಗಳಿದ ಮಾಲಿಗೆ ಮರುದಿನವೇ ದರ ಏರುತ್ತದೆ. ಆದರೆ ಪಿಂಪ್ರಿಯ ನನ್ನ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಕೂಲಿಕಾರರ ಅರ್ಜಿ ತುಂಬುವ ಶಿವಕಾಂತಾಳ ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳುವುದು ಕಷ್ಟ.

ಯಾದಗಿರಿ ಕಡೆಯವಳು. ಅವ್ವನ ಜೊತೆ ವಾಕಡದ ಕಟ್ಟಡಗಳಲ್ಲಿ ಮರಳು ಸೋಸಿದವಳು. ಕಂಪ್ಯೂಟರ್ ಎಲ್ಲಿ ಕಲಿತೆ ಎಂದು ಕೇಳಿದರೆ, “ಅದು ಕೆಟ್ಟಾಗೆಲ್ಲ ಕಲ್ತೆ, ಕಾಕಾ” ಅನ್ನುತ್ತಾಳೆ.

ಕೂಲಿಕಾರರ ಕಾಗದ ಸ್ಕ್ಯಾನ್ ಮಾಡಿ ಇಡಲು ಅವಳ ಹತ್ತಿರ ಒಂದು ಹಳೇ ಕಂಪ್ಯೂಟರ್ ಇದೆ. ಅದರಲ್ಲಿ ಲಿನಕ್ಸ್, ಲಿನಕ್ಸಿನೊಳಗೆ ಒಂದು ಕಂಟೇನರ್. ಕಂಟೇನರ್ ಅಂದರೆ ಅದೇ ಮನೆಯೊಳಗೆ ಬೇರೆ ಬಾಗಿಲಿಟ್ಟುಕೊಂಡ ಸಂಸಾರ ಎಂದು ನಾನು ತಿಳಿದಿದ್ದೇನೆ. ಅದನ್ನು ಕೂಡಿಸಿಕೊಟ್ಟವನು ಹಿಂಜವಡಿಯ ಐಟಿ ಇಂಜಿನಿಯರ್, ಮಂಡ್ಯದ ಪುನೀತ.

ಮೊನ್ನೆ ಒಂದು ಮುಂಜಾನೆ ಆ ಕಂಟೇನರ್ ಏಳಲೇ ಇಲ್ಲ. ಅವತ್ತೇ ಸಂಜೆ ಐದಕ್ಕೆ ಕಟ್ಟಡ ಕೂಲಿಯ ತಿಪ್ಪವ್ವನ ಕಾರ್ಮಿಕ ನೋಂದಣಿಯ ಗಡುವು. ಅದಕ್ಕೆ ಬೇಕಾದ, ತೊಂಬತ್ತು ದಿನ ದುಡಿದದ್ದಕ್ಕೆ ಸಾಕ್ಷಿಯಾಗಿ ಗುತ್ತಿಗೆದಾರ ಬರೆದುಕೊಟ್ಟ ಪತ್ರ ಕಂಟೇನರಿನೊಳಗಿತ್ತು. ಮೂಲ ಪತ್ರ ಆಕೆಯ ಶೆಡ್ಡಿನಲ್ಲಿ ಮಳೆಗೆ ಮುದ್ದೆಯಾಗಿತ್ತು. ಬರೆದುಕೊಟ್ಟವನು ಭೋರ್ ಕಡೆ ಹೋಗಿ ಫೋನ್ ನಂಬರೂ ಬದಲಿಸಿದ್ದ. ನೋಂದಣಿ ತಪ್ಪಿದರೆ ಮಗಳು ಸೋನಾಲಿಯ ನರ್ಸಿಂಗ್ ಓದಿನ ವಿದ್ಯಾರ್ಥಿವೇತನ ನಿಲ್ಲುತ್ತದೆ.

“ಚಿಗವ್ವಾ, ನಿನ್ನ ಕಾಗದ ಕಂಟೇನರ್‌ನ್ಯಾಗ ಸಿಕ್ಕೊಂಡಾವ. ತಗೀವಲ್ದು” ಅಂದಳು ಶಿವಕಾಂತಾ. ಎದುರಿಗೆ ಕೂತಿದ್ದ ತಿಪ್ಪವ್ವ ಸೆರಗು ಸಿಗಿಸಿಕೊಂಡು ಕೆಳಗಿಳಿದಳು. ಚಹಾಕ್ಕೆ ಹೋದಳು ಅಂದುಕೊಂಡೆವು.

ಪುನೀತ ಫೋನಿನಲ್ಲಿ ಬಂದ. “ಮೇಡಂ, ಡಿಲೀಟ್ ಮಾಡ್ಬಿಡಿ. ಐದ್ ನಿಮಿಷದಲ್ಲಿ ಹೊಸದು ಮಾಡ್ಕೊಡ್ತೀನಿ.”

“ಒಳಗಿನ ಕಾಗದ?”

“ಬ್ಯಾಕಪ್ ಇಡ್ಬೇಕಿತ್ತು...”

“ಬೇಕಿತ್ತು ಅಂದ್ರ ಇಲ್ಲಂತ ತಿಳ್ಕೊಳ್ಳೇನ್ರಿ?” ಅಂದಳು. “ಇರ್ಲಿ. ಅದು ಏಳದಿದ್ರೂ ಅದರ ಫೈಲ್ ಕೂತದ್ದು ಇದ ಡಿಸ್ಕಿನ ಮ್ಯಾಲ ಅಲ್ಲೇನ್ರಿ? ಹೊರಗಿಂದನ ತಗೀತೀನಿ.”

ಹೊರಗಿನ ಲಿನಕ್ಸಿನಲ್ಲಿ ಫೋಲ್ಡರಿನಿಂದ ಫೋಲ್ಡರಿಗೆ ಇಳಿಯುತ್ತ ‘ರೂಟ್‌ಎಫ್‌ಎಸ್’ ಎಂಬಲ್ಲಿಗೆ ಬಂದಳು. ಕಂಟೇನರಿನ ಇಡೀ ಸಂಸಾರ ಅಲ್ಲಿ ಹರವಿಕೊಂಡಿತ್ತು. ಆದರೆ ಒಳಗೆ ಕಾಲಿಡಲು ಅನುಮತಿಯಿಲ್ಲ. ಫೈಲುಗಳ ಒಡೆಯನ ಹೆಸರಿರಬೇಕಾದಲ್ಲಿ ಲಕ್ಷದ ಮೇಲಿನ ಒಂದು ಸಂಖ್ಯೆ.

“ಓನರ್ ಚೇಂಜ್ ಮಾಡಿ ಮೇಡಂ.”

“ಬ್ಯಾಡ್ರಿ. ಆ ನಂಬರ್ ಒಳಗಿನವರ ಗುರುತು. ಬದಲಿಸಿದ್ರ ನಾಳೆ ಕಂಟೇನರ್ ಎದ್ದಾಗ ತನ್ನ ಫೈಲಿಗೆ ತಾನ ಪರಕೀಯ ಆಗ್ತದ. ರೂಟ್ ಆಗಿ, ಅಂದ್ರ ಇಡೀ ಮಷೀನಿನ ಯಜಮಾನಾಗಿ, ಪ್ರತಿ ಅಷ್ಟ ತಗೋತೀನಿ.”

ಪುನೀತ ಮೆಲ್ಲಗೆ “ಕರೆಕ್ಟು” ಅಂದ. ನನ್ನದೇ ಮಾಲಿಗೆ ಒಳ್ಳೆ ದರ ಬಂದಷ್ಟು ನನಗೆ ಖುಷಿ.

ಫೈಲುಗಳಿಗೆ ಹೆಸರಿಲ್ಲ, ಬರೀ ಅಂಕಿ. ತಿಪ್ಪವ್ವ ಪತ್ರ ಸ್ಕ್ಯಾನ್ ಮಾಡಿಸಲು ಬಂದದ್ದು ನಾಗರ ಪಂಚಮಿಯ ಮರುದಿನ ಎಂದು ನೆನಪಿಸಿಕೊಂಡು, ಆ ತಾರೀಖಿನವನ್ನಷ್ಟೇ ಹೊರಗೆ ಪ್ರತಿ ಮಾಡಿ ಒಂದೊಂದಾಗಿ ತೆರೆದಳು. ಹದಿನೇಳನೆಯದರ ಮೂಲೆಯಲ್ಲಿ, ಕಾಗದ ಒತ್ತಿ ಹಿಡಿದ ತಿಪ್ಪವ್ವನ ಸುಣ್ಣ ಮೆತ್ತಿದ ಹೆಬ್ಬೆರಳು. ಪತ್ರ ಸಿಕ್ಕಿತು. ಗಂಟೆ ನಾಲ್ಕು ದಾಟಿತ್ತು.

ಇನ್ನು ತಿಪ್ಪವ್ವನ ಫೋನಿಗೆ ಬರುವ ಓಟಿಪಿ ಬೇಕು. ತಿಪ್ಪವ್ವನೇ ಇಲ್ಲ! ಶಿವಕಾಂತಾ ಫೋನ್ ಹಚ್ಚಿದಳು.

“ನಾ ದುಡಿದ ಮೋಶಿ ಸೈಟಿನ್ಯಾಗ ಅದೀನವ್ವಾ! ವಾಚ್‌ಮನ್ ಕೂಡ ಜಗಳಾಡಿ ಕಂಟೇನರ್ ಬಾಗ್ಲಾ ತಗಿಸೀನಿ. ಒಳಗ ಬರೇ ಹೆಲ್ಮೆಟ್ ಅದಾವ. ಒಂದು ಕಾಗದಿಲ್ಲ!”

ಸೈಟಿನ ತಗಡಿನ ಆಫೀಸಿಗೂ ಕಂಟೇನರ್ ಅಂತಲೇ ಅನ್ನುತ್ತಾರೆ. ನಾನು ನಕ್ಕೆ. ಶಿವಕಾಂತಾ ನಗಲಿಲ್ಲ.

“ತಪ್ಪು ನಂದ, ಕಾಕಾ. ಆಕಿ ನೋಡಿದ್ದು ಅದೊಂದ ಕಂಟೇನರ್.” ಫೋನಿಗೆ, “ಕಾಗದ ಸಿಕ್ತು, ಚಿಗವ್ವಾ. ಈಗ ನಿನಗ ಒಂದು ನಂಬರ್ ಬರ್ತದ, ಓದು.”

“ನನಗೆಲ್ಲಿ ಓದಾಕ ಬರ್ತದ?”

“ಬಾಜೂಕ ಯಾರದಾರ?”

“ಮತ್ತ್ಯಾರು? ಅದ ವಾಚ್‌ಮನ್.”

ಓಟಿಪಿ ಯಾರಿಗೂ ಹೇಳಬೇಡಿ ಎಂದು ಸರಕಾರ ದಿನಾ ಸಾರುತ್ತದೆ. ನಾವು ಅದನ್ನು, ಇಷ್ಟು ಹೊತ್ತು ಬೈಸಿಕೊಂಡ ಮನುಷ್ಯನ ಕೈಗೇ ಕೊಟ್ಟೆವು. ಆಮೇಲೆ ಗಡಸು ದನಿಯೊಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿತು: “ಪಾಚ್... ಶೂನ್ಯ... ನಊ... ದೋನ್.”

ಶಿವಕಾಂತಾ ಐದು, ಸೊನ್ನೆ, ಒಂಬತ್ತು, ಎರಡು ಒತ್ತಿದಳು. ನಾಲ್ಕು ನಲವತ್ತೆಂಟಕ್ಕೆ ಅರ್ಜಿ ಸ್ವೀಕಾರವಾಯಿತು.

“ಅರ್ಜಿ ಹೋತು, ಚಿಗವ್ವಾ! ಸೋನಾಲಿಗಿ ಫೋನ್ ಮಾಡಿ ಹೇಳು.”

“ಹೇಳ್ತೀನಿ, ತಡಿ. ಮೊದಲ ಈ ವಾಚ್‌ಮನ್ ದಾದಾಗ ಚಹಾ ಕುಡಸ್ತೀನಿ. ಪಾಪ, ಭಾಳ ಬೈದೀನಿ.”