ಹೆಣ್ಣು ನೋಡಲು ಬಂದ ಪ್ರೊಫೆಸರ್

ಪರದೆಯ ಕೆಳಗಿನಿಂದ ಒಂದು ಕೈ ಬರುತ್ತಿತ್ತು. ಅಂಗೈ ಮೇಲ್ಮುಖ, ಬೆರಳಿನ ತುದಿಯಲ್ಲಿ ಮಸಿಯ ಕಲೆ. ಕೈಯ ಹಿಂದೆಯೇ ದನಿ: "ತರ್ರಿ ಇಲ್ಲಿ, ಆ ಅಡ್ಜೆಕ್ಟಿವ್."

ನಾನು ಆ ಅಂಗೈಯಲ್ಲಿ ಏನೋ ಹಾಕಿದಂತೆ ನಟಿಸುತ್ತಿದ್ದೆ. ಕೈ ಹಿಂದೆ ಸರಿದು ಕರಿಯ ಶೇರ್ವಾನಿಯ ಜೇಬಿಗೆ ಹೋಗುತ್ತಿತ್ತು. "ಬ್ಯೂಟಿಫುಲ್ ಅಂತ. ಏನ್ ಬ್ಯೂಟಿಫುಲ್? ಆಕಿ ಮೂಗು ಹೆಂಗಿತ್ತು ಹೇಳ್ರಿ, ಚಂದ ಅದನೋ ಇಲ್ಲೋ ನಾವೇ ನೋಡ್ಕೋತೀವಿ."

ಹೀಗೆ ಮಹಾಂತಪ್ಪ ಸರ್ ನನ್ನಿಂದ ಕಸಿದುಕೊಂಡ ಅಡ್ಜೆಕ್ಟಿವ್‌ಗಳಿಗೆ ಲೆಕ್ಕವಿಲ್ಲ. ಪಾಪ, ಸೊಲ್ಲಾಪುರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಅವನ್ನು ಎಷ್ಟು ಪ್ರೀತಿಯಿಂದ ಕೂಡಿಸಿಕೊಟ್ಟಿದ್ದರು. ಒಂದು ಸೂರ್ಯಾಸ್ತಕ್ಕೆ ಮೂರು ನಾಲ್ಕಾದರೂ ಹಚ್ಚದಿದ್ದರೆ ಸಿಸ್ಟರ್ ಆಗ್ನೆಸ್ ಮುಖ ಸಣ್ಣದು ಮಾಡುತ್ತಿದ್ದರು. ಹೈದರಾಬಾದಿಗೆ ಎಂ.ಎ. ಓದಲು ಬಂದ ಮೇಲೆ ಆ ಗಂಟೆಲ್ಲ ಈ ಮನುಷ್ಯನ ಜೇಬು ಸೇರಿತು.

ಅದು ಯುದ್ಧದ ಕಾಲ, ನಿಜಾಮರ ರಾಜ್ಯ. ತರಗತಿಯಲ್ಲಿ ಹುಡುಗಿಯರೆಂದರೆ ನಾನು ಮತ್ತು ಜುಬೇದಾ, ಇಬ್ಬರೇ. ನಮಗಾಗಿ ಕೋಣೆಯ ಮೂಲೆಗೆ ಒಂದು ಹಸಿರು ಪರದೆ ಕಟ್ಟಿದ್ದರು. ಪರದೆಯ ಆಚೆ ಹುಡುಗರು, ಮೇಜು, ಸರ್. ಸಿಲಬಸ್ಸಿನಲ್ಲಿದ್ದದ್ದು ಬರೀ ಇಂಗ್ಲೆಂಡಿನ ಕವಿಗಳು. ಆದರೆ ಅಮೆರಿಕನ್ ಸೋಲ್ಜರ್‌ಗಳು ಓದಿ ಬಿಟ್ಟುಹೋದ ಅಗ್ಗದ ಕಾದಂಬರಿಗಳು ಹಳೇ ಪುಸ್ತಕದ ಅಂಗಡಿಗಳಲ್ಲಿ ರಾಶಿ ಬೀಳುತ್ತಿದ್ದವು. ಸರ್ ಅವನ್ನು ತಂದು ಲೈಬ್ರರಿಗೆ ಸೇರಿಸಿ, ಯಾರನ್ನೂ ಕೇಳದೆ ಒಂದು ಸೆಮಿನಾರ್ ಶುರುಮಾಡಿದ್ದರು: ಅಮೆರಿಕನ್ ರಿಯಲಿಸಂ ಅಂಡ್ ನ್ಯಾಚುರಲಿಸಂ. ಪ್ರಿನ್ಸಿಪಾಲರು ಕೇಳಿದರೆ ಗ್ರಾಮರ್ ಕ್ಲಾಸ್ ಎನ್ನುತ್ತಿದ್ದರು.

ಸರ್ ಘತ್ತರಗಿಯವರು, ಭೀಮಾ ದಂಡೆಯವರು. ಮೇಲೆ ಶೇರ್ವಾನಿ, ತಲೆಗೆ ನಮ್ಮ ಅಫಜಲಪುರದ ಕಡೆಯ ದೊಡ್ಡ ರುಮಾಲು, ಹಣೆಗೆ ವಿಭೂತಿ. ಪಾಠ ಇಂಗ್ಲಿಷಿನಲ್ಲಿ. ಸಿಟ್ಟು ಬಂದರೆ ಅಥವಾ ಖುಷಿಯಾದರೆ ಮಾತ್ರ ಕನ್ನಡ. ತಿಳಿಯುವವಳು ನಾನೊಬ್ಬಳೇ, ಆದರೂ ಇಡೀ ಕ್ಲಾಸು ತಲೆದೂಗುತ್ತಿತ್ತು.

"ರೊಮ್ಯಾಂಟಿಕ್ ಅಂದ್ರ ಕಿಟಕಿಗೆ ಹೂವಿನ ಪರದೆ ಹಾಕ್ಕೊಂಡು ಕೂಡೂದು. ರಿಯಲಿಸಂ ಅಂದ್ರ ಪರದೆ ಸರಿಸಿ ಓಣ್ಯಾಗ ಏನ್ ನಡದದ ನೋಡೂದು. ನ್ಯಾಚುರಲಿಸಂ ಅಂದ್ರ, ಈ ಓಣಿ ಯಾಕ ಹಿಂಗಾತು ಅಂತ ಅದರ ಬುಡ ಅಗಿಯೂದು."

ಈಚೆ ನಮ್ಮ ಪರದೆಯೊಳಗೆ ಜುಬೇದಾ, ತನಗೆ ತಿಳಿದ 'ಪರದೆ' ಎಂಬ ಒಂದೇ ಮಾತಿಗೆ, ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಒಂದು ಕಾದಂಬರಿಯಲ್ಲಿ ಕಸಾಯಿಖಾನೆಯ ಕೂಲಿಗಳ ಅಧ್ಯಾಯ ಬಂದ ದಿನ ಪರದೆಯ ಸಂದಿಯಿಂದ ಸರ್ ಅವಸ್ಥೆ ನೋಡಬೇಕಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ. ರೊಟ್ಟಿ ಬುತ್ತಿಯನ್ನು ದೂರ ಸರಿಸಿ, ನಡುನಡುವೆ ಕಣ್ಣು ಮುಚ್ಚಿಕೊಳ್ಳುತ್ತಾ, ಒಂದು ಸಾಲನ್ನೂ ಬಿಡದೆ ಓದಿ ಮುಗಿಸಿದರು. ಆಮೇಲೆ ಹಣೆಯ ಬೆವರು ಒರೆಸಿಕೊಂಡು, "ಕಣ್ಣು ಮುಚ್ಚಿದ್ದು ನಂದು ತಪ್ಪು. ನೀವು ಯಾರೂ ಮುಚ್ಚಬ್ಯಾಡ್ರಿ," ಅಂದರು.

ಅವರ ಮುಖ್ಯ ಸಿದ್ಧಾಂತ ಒಂದೇ. ಹುಟ್ಟಿದ ಮನೆ, ಸುತ್ತಲಿನ ಗಾಳಿ, ಇವೆರಡು ಮನುಷ್ಯನನ್ನು ಎತ್ತ ಎಳೆದರೆ ಅತ್ತ. ನಡುವೆ ಯಾರು ಕೈಹಾಕಿದರೂ ಪ್ರಯೋಜನವಿಲ್ಲ. ಡಿಟರ್ಮಿನಿಸಂ. ನನ್ನ ಸೆಮಿನಾರ್ ಪೇಪರ್ ಇದನ್ನು ಕುರಿತೇ ಇತ್ತು.

ಪೇಪರ್ ಅರ್ಧಕ್ಕೆ ಬಂದಾಗ ದಸರಾ ರಜೆ. ಆಳಂದದ ಮನೆಗೆ ಬಂದೆ, ಅಷ್ಟೇ. ಗಾಳಿ ಎಳೆಯಲು ಶುರುಮಾಡಿತು. ಜೇವರ್ಗಿಯ ತೊಗರಿ ವ್ಯಾಪಾರಿ ಶಿವಶರಣಪ್ಪನವರ ಮಗ ಸಿದ್ಧರಾಮನಿಗೆ ನನ್ನನ್ನು ಕೇಳಿದ್ದರು. ಅಪ್ಪ ಖುಷಿಯಲ್ಲಿದ್ದರು.

"ಕಾಲೇಜು ಸಾಕಿನ್ನ," ಅಂದರು. "ಮದ್ವಿ ಗೊತ್ತಾದ ಹುಡುಗಿ ಹೈದರಾಬಾದಿನಾಗ ಅಡ್ಡಾಡಿದ್ರ ಬೀಗರು ಏನಂದಾರು?"

"ಇನ್ನೊಂದು ವರ್ಷ, ಅಪ್ಪಾ. ಡಿಗ್ರಿ ಬರ್ತದ."

"ಡಿಗ್ರಿ ರೊಟ್ಟಿ ಬಡೀತದೇನು?"

ಅಲ್ಲಿಗೆ ಮುಗಿಯಿತು. ಟ್ರಂಕು ಅಟ್ಟ ಏರಿತು. ಕಾಲೇಜು ತೆರೆಯಿತು, ನಾನು ಹೋಗಲಿಲ್ಲ. ಆ ವರ್ಷ ಬಿಟ್ಟರೆ ಮತ್ತೆಂದೂ ಇಲ್ಲವೆಂದು ನನಗೆ ಗೊತ್ತಿತ್ತು. ಹಾಜರಿ ಕರೆದಾಗ, ನನ್ನ ಕಾಗದದಿಂದ ಮದುವೆಯ ಸುದ್ದಿ ತಿಳಿದಿದ್ದ ಜುಬೇದಾ ಪರದೆಯೊಳಗಿಂದ, "ಉಸ್ಕಿ ಶಾದಿ ಹೋ ರಹೀ ಹೈ, ಸರ್," ಅಂದಳಂತೆ. ಸರ್ ರಿಜಿಸ್ಟರ್ ಮುಚ್ಚಿದರಂತೆ. ನಡುವೆ ಯಾರು ಕೈಹಾಕಿದರೂ ಪ್ರಯೋಜನವಿಲ್ಲವೆಂದು ವರ್ಷವಿಡೀ ಪಾಠ ಹೇಳಿದ ಆ ಮನುಷ್ಯ ಶನಿವಾರ ರಾತ್ರಿಯ ರೈಲಿಗೆ ಕಲಬುರ್ಗಿಯ ಟಿಕೆಟ್ ತೆಗೆಸಿದರು.

ಭಾನುವಾರ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ ದಿನ. ಕಲಬುರ್ಗಿಯಿಂದ ಆಳಂದಕ್ಕೆ ಬಸ್ಸು ಒಂದೇ. ಶಿವಶರಣಪ್ಪನವರು, ಅವರ ಹೆಂಡತಿ, ಸಿದ್ಧರಾಮ ಅದರಲ್ಲೇ ಬಂದರು, ಸರ್ ಕೂಡ. ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿಯವರು ಬಸಣ್ಣಪ್ಪ ಪಾಟೀಲರ, ಅಂದರೆ ನಮ್ಮಪ್ಪನ, ಮನೆ ವಿಚಾರಿಸುತ್ತಿದ್ದಾಗ ಸರ್, "ನಾನೂ ಅಲ್ಲಿಗೇ ಹೊಂಟೇನಿ, ಬರ್ರಿ," ಎಂದು ಮುಂದೆ ನಡೆದರು. ಮನೆ ಎಲ್ಲಿದೆಯೆಂದು ಸರ್‌ಗೂ ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದಿದ್ದು, ಎದುರು ಸಿಕ್ಕವರನ್ನು ಮೆಲ್ಲಗೆ ಕೇಳುತ್ತಾ ಬಂದರು. ಆದರೆ ಅಷ್ಟು ದೊಡ್ಡ ರುಮಾಲಿನ ಹಿರಿಯರು ಬಸ್ ಸ್ಟ್ಯಾಂಡಿನಿಂದ ಕರೆದೊಯ್ಯುತ್ತಿದ್ದಾರೆಂದರೆ ಹೆಣ್ಣಿನ ಕಡೆಯ ಹಿರಿಯರೇ ಇರಬೇಕು ಎಂದು ಜೇವರ್ಗಿಯವರು ತಿಳಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ನೋಡಿದ್ದು, ಬೀಗರ ಗುಂಪಿನ ಮುಂದೆ ನಡೆದು ಬರುತ್ತಿರುವ ಗಂಡಿನ ಕಡೆಯ ಹಿರಿಯರನ್ನು.

"ನಾನು ಹೈದರಾಬಾದಿನಿಂದ," ಎಂದು ಸರ್ ಶುರುಮಾಡಿದರು.

"ಅಷ್ಟು ದೂರದಿಂದ ತಕ್ಲೀಫ್ ತಗೊಂಡು ಬಂದೀರಿ," ಎಂದು ಅಪ್ಪ ಕೈಕಾಲಿಗೆ ನೀರು ಕೊಟ್ಟು, ನಡುವಿನ ಗಾದಿಯ ಮೇಲೆ ಒರಗಲು ಲೋಡು ಇಟ್ಟು ಕೂರಿಸಿಬಿಟ್ಟರು. ಹೆಣ್ಣು ನೋಡಲು ಬಂದವರಲ್ಲಿ ಒಬ್ಬರನ್ನು ಹಿಡಿದು ನೀವು ಯಾರು ಎಂದು ಕೇಳಿದರೆ ನಮ್ಮ ಕಡೆ ಸಂಬಂಧವೇ ಮುರಿದುಬೀಳುತ್ತದೆ. ಆದ್ದರಿಂದ ಈ ಕಡೆಯವರೂ ಕೇಳಲಿಲ್ಲ, ಆ ಕಡೆಯವರೂ ಕೇಳಲಿಲ್ಲ.

ಚುರುಮುರಿ ಸೂಸಲಾದ ತಟ್ಟೆಗಳನ್ನು ಹಿಡಿದು, ತಲೆ ತಗ್ಗಿಸಿ ನಾನು ಹೊರಗೆ ಬಂದೆ. ಮೊದಲ ತಟ್ಟೆ ಚಾಚಿದಾಗ ಅದನ್ನು ಹಿಡಿದ ಬೆರಳ ತುದಿಯಲ್ಲಿ ಮಸಿಯ ಕಲೆ ಕಂಡಿತು. ಮೈ ಗುಡ್‌ನೆಸ್, ತಟ್ಟೆ ಕೈಜಾರಲಿಲ್ಲ ಅನ್ನುವುದೇ ಪುಣ್ಯ.

ಚಾಪೆಯ ಮೇಲೆ ಕೂರಿಸಿದರು. ಅತ್ತೆಯಾಗಬೇಕಾದವರು ಕೇಳಿದರು: "ರೊಟ್ಟಿ ಬಡೀತಿಯೇನವಾ?"

"ಹೌದ್ರಿ."

ಆಮೇಲೆ ಎಲ್ಲರೂ ಗಾದಿಯ ಮೇಲಿನ ಹಿರಿಯರ ಕಡೆ ನೋಡಿದರು. ಸರ್‌ಗೆ ಆಗ ಪರಿಸ್ಥಿತಿ ತಿಳಿಯಿತೆಂದು ಕಾಣುತ್ತದೆ. ಒಮ್ಮೆ ಅಪ್ಪನನ್ನು ನೋಡಿದರು, ಒಮ್ಮೆ ಶಿವಶರಣಪ್ಪನವರನ್ನು. ಚಹಾದ ಬಟ್ಟಲು ಕೆಳಗಿಟ್ಟರು.

"ಪೇಪರ್ ಎಲ್ಲಿ ತನಕ ಬಂದದ?"

ಅಷ್ಟೂ ದಿನ ಒಳಗೆ ಕೊಳೆಯುತ್ತಿದ್ದದ್ದು, ಅಣೆಕಟ್ಟು ಬಿರಿದ ಹಾಗೆ ಹೊರಬಂತು. ಪೇಪರಿಗೆಂದು ಓದುತ್ತಿದ್ದ ಕಾದಂಬರಿ ಅದು: ಹೊಳೆ ದಂಡೆಯ ಊರಿನ ಒಂದು ಬಟ್ಟೆ ಗಿರಣಿ, ಅಲ್ಲಿ ನೂಲು ತೆಗೆಯುವ ಒಬ್ಬ ಹುಡುಗಿ, ಕುಡುಕ ಅಪ್ಪ, ಚಳಿಗಾಲದಲ್ಲಿ ಗಿರಣಿ ಮುಚ್ಚಿ, ಆಕೆ ಒಬ್ಬಳೇ ಪಟ್ಟಣಕ್ಕೆ ಹೊರಟ ಕತೆ. ನಾನು ಹೇಳಿದೆ, ಕನ್ನಡದಲ್ಲೇ, ಒಂದು ಅಡ್ಜೆಕ್ಟಿವ್ ಇಲ್ಲದೆ.

"ಆಕಿ ಮುಂದ ಬ್ಯಾರೆ ದಾರಿ ಇತ್ತೋ, ಇಲ್ಲೋ?" ಸರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ನಮ್ಮಜ್ಜಿಯ ದನಿ: "ಅಣ್ಣತಮ್ಮಂದಿರು ಇದ್ದಿಲ್ಲೇನು ಆಕಿಗೆ?"

"ಅಪ್ಪನೇ ಕುಡುಕ ಅಂದ್ರ ಅಣ್ಣತಮ್ಮಂದಿರು ಏನ್ ಮಾಡ್ತಾರ ಬೇ," ಎಂದರು ಅತ್ತೆ.

ಶಿವಶರಣಪ್ಪನವರು ಗಂಭೀರವಾಗಿ ತಲೆಯಾಡಿಸಿದರು. "ಗಿರಣಿ ಮಾಲಕಂದೇ ತಪ್ಪು ನೋಡ್ರಿ. ಮುಂದಿನ ಧಾರಣಿ ತಿಳೀದೇ ಮಾಲು ತುಂಬಿರತಾನ."

"ಇದು ನ್ಯಾಚುರಲಿಸಂ," ಎಂದರು ಸರ್ ಅವರ ಕಡೆಗೆ ತಿರುಗಿ, ತುಂಬ ಗೌರವದಿಂದ.

ಅಪ್ಪ ಮಾತ್ರ ಕಂಗಾಲಾಗಿದ್ದರು. ಬೀಗರು ಇಂಥ ಪರೀಕ್ಷೆ ಮಾಡುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಿದ್ಧರಾಮ ಮೆಲ್ಲಗೆ ಕೇಳಿದ: "ಮುಂದ ಏನಾತ್ರಿ ಆಕಿದು?"

ಆಗ ಮೊದಲ ಬಾರಿಗೆ ತಲೆಯೆತ್ತಿ ನೋಡಿದೆ. ಕಿವಿ ಸ್ವಲ್ಪ ಅಗಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಮುಖ.

"ಇನ್ನೂ ಓದಿಲ್ರಿ," ಅಂದೆ. "ಪುಸ್ತಕ ಹೈದರಾಬಾದಿನ ಲೈಬ್ರರಿಯಾಗ ಅದ."

ಸರ್ ಅಷ್ಟಕ್ಕೇ ಕಾದಿದ್ದರೇನೋ. ರುಮಾಲು ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದರು: "ಹುಡುಗಿ ಓದು ಮೊದಲ ಮುಗೀಲಿ. ಮದ್ವಿ ಅದರ ಹಿಂದ. ಇದು ನನ್ನ ಮಾತು."

ಅಪ್ಪ ಕೈಮುಗಿದರು. ಗಂಡಿನ ಕಡೆಯ ಹಿರಿಯರ ಷರತ್ತನ್ನು ಮೀರುವವರು ಯಾರು? ಶಿವಶರಣಪ್ಪನವರೂ ಕೈಮುಗಿದರು. ಹೆಣ್ಣಿನ ಕಡೆಯವರೇ ಹೀಗೆ ಅಂದ ಮೇಲೆ ಅವರು ತಾನೆ ಏನು ಮಾಡಿಯಾರು?

"ಹಿರೇರು ಹೇಳಿದಂಗ ಆಗ್ಲಿ," ಎಂದು ಇಬ್ಬರೂ ಒಟ್ಟಿಗೆ ಅಂದರು.

ಸರ್ ಬೀಗರ ಜತೆಗೇ ಎದ್ದರು. ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡದೆ, "ಮಂಡೇ. ಟೆನ್ ಓ ಕ್ಲಾಕ್," ಅಂದರು.

"ಏನಂದ್ರವಾ ಹಿರೇರು?" ಎಂದು ಅಪ್ಪ ಕೇಳಿದರು.

"ಚೆಂದಾಗಿ ಓದು ಅಂದ್ರು."

ಟ್ರಂಕು ಅಟ್ಟ ಇಳಿಯಿತು. ಈ ಗುಟ್ಟನ್ನು ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಟ್ರಂಕು ಮತ್ತೆ ಅಟ್ಟ ಏರುತ್ತಿತ್ತು. ಕ್ಲಾಸಿನಲ್ಲಿ ಸರ್ ಆಳಂದದ ಸುದ್ದಿಯನ್ನೇ ಎತ್ತಲಿಲ್ಲ. ಪರದೆಯ ಕೆಳಗೆ ಕೈ ಬರುವುದು ಮಾತ್ರ ಮೊದಲಿನಂತೆಯೇ ನಡೆಯಿತು. ಪಾಸಾದ ದಿನ ಅವರ ಕೋಣೆಗೆ ಹೋದೆ. ಪೇಪರನ್ನು ತಿರುವಿ ನೋಡಿ ನನಗೆ ಕೊಟ್ಟರು. "ಬರೋಬರ್ ಅದ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಕೆಮ್ಮುತ್ತಿದ್ದರು. ರಜೆಗೆ ಊರಿಗೆ ಹೋಗುತ್ತೇನೆ, ಹೊಳೆಯ ಗಾಳಿಗೆ ಸರಿಹೋಗುತ್ತದೆ ಅಂದರು.

ಸರಿಹೋಗಲಿಲ್ಲ. ಮಳೆಗಾಲದಲ್ಲಿ ಘತ್ತರಗಿಯಲ್ಲೇ ತೀರಿಕೊಂಡರೆಂದು ಜುಬೇದಾಳಿಂದ ತಿಳಿಯಿತು. "ನಮ್ಮ ಪ್ರೊಫೆಸರ್ ಹೋದರು," ಎಂದು ಅಪ್ಪನಿಗೆ ಹೇಳಿದೆ. ಅವರು ನೊಂದುಕೊಂಡರು, ಆದರೆ ತಾವು ಲೋಡು ಇಟ್ಟು ಕೂರಿಸಿದವರೇ ಆ ಪ್ರೊಫೆಸರ್ ಎಂದು ಅವರಿಗೆ ಹೇಗೆ ತಿಳಿಯಬೇಕು?

ಮದುವೆ ಆಳಂದದಲ್ಲೇ ಆಯಿತು. ಅಕ್ಷತೆಯ ಹೊತ್ತಿಗೆ ಶಿವಶರಣಪ್ಪನವರು ಚಪ್ಪರವನ್ನೆಲ್ಲ ನೋಡಿ ಅಪ್ಪನನ್ನು ಕರೆದರು.

"ಬೀಗರ, ನಿಮ್ಮ ಹಿರೇರು ಕಾಣವಲ್ಲರು. ಅವರ ಮಾತಿನ ಮ್ಯಾಲೇ ಒಂದು ವರ್ಷ ನಿಂತೇವಿ. ಬರಲಿ, ಕಾಯಣು."

"ನಮ್ಮ ಹಿರೇರು? ನಿಮ್ಮ ಕಡಿಯವರಲ್ಲೇನ್ರಿ ಅವರು? ನೀವು ಕರ್ಕೊಂಡು ಬರ್ತೀರಿ ಅಂತ ಗಾದಿ ಹಾಕಿಸೇನಿ."

"ನಮ್ಮ ಕಡಿ ಅಂಥವರು ಯಾರೂ ಇಲ್ರಿ."

ಚಪ್ಪರದಲ್ಲಿ ಗುಸುಗುಸು ಎದ್ದಿತು. ಯಾರು ಕರೆದಿಲ್ಲ, ಯಾರು ಮರೆತರು ಎಂದು ಎರಡೂ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಖಾಲಿ ಗಾದಿ ಮುಂದೆಯೇ ಇತ್ತು. ಅಪ್ಪ ನನ್ನ ಹತ್ತಿರ ಬಂದು ಬಗ್ಗಿದರು.

"ಯಾರವಾ ಅವರು? ಯಾರ ಕಡಿಯವರು?"

ಪಕ್ಕದಲ್ಲಿ ಸಿದ್ಧರಾಮನೂ ಕಿವಿಗೊಟ್ಟಿದ್ದ. ನನ್ನ ಬಾಸಿಂಗದ ಮಣಿಗಳು ಕಣ್ಣಿಗೆ ಅಡ್ಡ ಬರುತ್ತಿದ್ದವು.

"ನನ್ನ ಕಡಿಯವರು, ಅಪ್ಪಾ," ಅಂದೆ. "ಬರೂದಿಲ್ಲ ಅವರು. ಶುರು ಮಾಡ್ರಿ."