ಎರಡು ಮೀಟರ್ ಖಾಲಿ ಜಾಗ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಹೇಮಾಕ್ಷಿಯವರ ಅಪಾರ್ಟ್‌ಮೆಂಟಿನ ಹೆಂಗಸರು ಅವರನ್ನು ಕೇಳದೆ ಹೊಸ ಯಂತ್ರ ಕೊಳ್ಳುವುದಿಲ್ಲ. ಹೇಮಾಕ್ಷಿಯವರು ಓದಿದ್ದು ದಾವಣಗೆರೆಯಲ್ಲಿ ಪಿಯುಸಿವರೆಗೆ. ಆದರೂ ಅಂಗಡಿಯವನು ಹೇಳುವ ವ್ಯಾಟು, ಲೀಟರು, ವಾರಂಟಿ ಎಲ್ಲವನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ ಹಾಕುತ್ತಾರೆ: "ಇದನ್ನ ತೊಳೆಯೋರು ಯಾರು?"

ಎರಡನೇ ಮಹಡಿಯ ಮಾಧವೀಲತಾ ತಂದ ಜ್ಯೂಸರಿನಲ್ಲಿ ಏಳು ಭಾಗಗಳಿದ್ದವು. ಒಂದು ಲೋಟ ಮೂಸಂಬಿ ರಸಕ್ಕೆ ಏಳು ಭಾಗ ತೊಳೆಯಬೇಕು. ಅದು ಮೂರನೇ ದಿನ ಅಂಗಡಿಗೆ ವಾಪಸಾಯಿತು. ನೆಲ ಗುಡಿಸುವ ದುಂಡನೆಯ ರೋಬೋವನ್ನು ಹೇಮಾಕ್ಷಿಯವರು ಒಂದು ವಾರ ಓಡಿಸಿ ನೋಡಿದರು. ಅದು ಗುಡಿಸುವ ಮುಂಚೆ ಚಪ್ಪಲಿ, ವೈರು, ಕಾಲೊರೆಸುವ ಚಾಪೆ ಎಲ್ಲ ಎತ್ತಿಡಬೇಕು. ಗುಡಿಸಿದ ಮೇಲೆ ಅದರ ಗಾಲಿಗೆ ಸುತ್ತಿದ ಕೂದಲು ಬಿಡಿಸಬೇಕು. "ಇದು ಮನೆಗೆ ಬಂದ ಇನ್ನೊಬ್ಬ ಗಂಡಸು," ಎಂದು ಪೆಟ್ಟಿಗೆ ಮುಚ್ಚಿದರು. ಬಟ್ಟೆ ಒಗೆಯುವ ಯಂತ್ರಕ್ಕೆ ಮಾತ್ರ ಅವರು ಈಗಲೂ ಆಯುಧಪೂಜೆಯಲ್ಲಿ ಎರಡು ಹೂವು ಹೆಚ್ಚಿಗೆ ಏರಿಸುತ್ತಾರೆ.

ಅವರ ಗಂಡ ಗೋಪಾಲಕೃಷ್ಣ ಬ್ಯಾಂಕ್ ಅಧಿಕಾರಿಯಾಗಿ ವರ್ಗವಾಗಿ ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಮಗ ಆದರ್ಶ್ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾನೆ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾನೆ. ಸೊಸೆ ಹಾರಿಕಾ ವಿಜಯವಾಡದ ತೆಲುಗು ಹುಡುಗಿ. ಪರವಾಡದ ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಕೆಮಿಸ್ಟ್.

ಹಾರಿಕಾ ಕನ್ನಡ ಕಲಿತದ್ದು ಅತ್ತೆಯ ಅಡುಗೆಮನೆಯಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಕೈಯಲ್ಲಿ ಉಪ್ಪಿಟ್ಟು ಕೆದಕುತ್ತ ಇನ್ನೊಂದು ಕೈಯಲ್ಲಿ ಹಾಲಿನ ಪಾತ್ರೆ ಇಳಿಸುತ್ತಿದ್ದ ಅತ್ತೆಯನ್ನು ಅವಳು ಬಹಳ ವಿನಯದಿಂದ ಕೇಳಿದ್ದಳು:

"ಅತ್ತಯ್ಯಾ, ನೀವು ಖಾಲಿನಾ?"

ತೆಲುಗಿನಲ್ಲಿ ಖಾಲಿ ಎಂದರೆ ಬಿಡುವು. ಹೇಮಾಕ್ಷಿಯವರು ತಿರುಗಿ ನೋಡಿ, "ಖಾಲಿ ಆಗಾಕೆ ನಾನೇನು ಗ್ಯಾಸ್ ಸಿಲಿಂಡರ್ರಾ?" ಎಂದರು. ಅಂದಿನಿಂದ ಆ ಪದ ಮನೆಯಲ್ಲಿ ನೆಲೆಯೂರಿಬಿಟ್ಟಿತು. ಆದರೆ ಗಂಡಸರು ಅದನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. "ಅಮ್ಮ ಖಾಲಿನೇ ಕದಾ, ಇಸ್ತ್ರಿ ಬಟ್ಟೆ ತರ್ತಾಳೆ." "ಹಾರಿಕಾ ಖಾಲಿ ಇದ್ರೆ ಚಹಾ ಇಡಮ್ಮ."

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ, ಇಡ್ಲಿ ತಿನ್ನುವಾಗ, ಹಾರಿಕಾ ತಾನೊಂದು ಹೆಡ್‌ಸೆಟ್ ಕೊಳ್ಳಬೇಕೆಂದಿದ್ದೇನೆ ಎಂದಳು. ಕಣ್ಣಿಗೆ ಕಟ್ಟಿಕೊಳ್ಳುವ ಸಾಧನ. ಹಾಕಿಕೊಂಡರೆ ನಮ್ಮ ಕೋಣೆ ಕೋಣೆಯಾಗಿಯೇ ಕಾಣುತ್ತದೆ. ಅದರ ನಡುವೆ ಇಲ್ಲದ ವಸ್ತುವೂ ಇದ್ದಂತೆ ನಿಲ್ಲುತ್ತದೆ. ಬೆಲೆ ಹೇಳಿದಾಗ ಗೋಪಾಲಕೃಷ್ಣರ ಕೈಯಲ್ಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು.

"ಮೂರು ಸ್ಕೂಟರ್ ಬರ್ತವೆ!"

"ಮೂರರ ಮೇಲೂ ಒಟ್ಟಿಗೆ ಕೂರ್ತೀರೇನು?" ಎಂದರು ಹೇಮಾಕ್ಷಿ. "ದುಡ್ಡು ಅವಳು ದುಡಿದದ್ದು. ಅದರ ಮಾತು ನಮಗೆ ಬ್ಯಾಡ. ಯಾತಕ್ಕೆ ಬೇಕು, ಅದನ್ನ ಹೇಳವ್ವ."

ಹಾರಿಕಾ ಹೇಳಿದಳು. ಕಾರ್ಖಾನೆಗೆ ಹೊಸಬರು ಬಂದಾಗ ಹಾಲ್‌ನಲ್ಲಿ ಕೂರಿಸಿ ಸುರಕ್ಷತೆಯ ಚಿತ್ರ ತೋರಿಸುತ್ತಾರೆ. ಅರ್ಧ ಜನ ತೂಕಡಿಸುತ್ತಾರೆ. "ಮೊದಲ ತಪ್ಪು ಅವ್ರು ನಿಜವಾದ ರಿಯಾಕ್ಟರ್ ಮುಂದೇನೇ ಮಾಡೋದು, ಅತ್ತಯ್ಯಾ." ಹೆಡ್‌ಸೆಟ್ಟಿನಲ್ಲಾದರೆ ರಾಸಾಯನಿಕ ಕುದಿಸುವ ಆ ದೊಡ್ಡ ಪಾತ್ರೆ, ರಿಯಾಕ್ಟರ್, ಎದುರಿಗೆ ನಿಲ್ಲುತ್ತದೆ, ತಪ್ಪು ವಾಲ್ವ್ ತಿರುಗಿಸಿದರೆ ಕೆಂಪು ದೀಪ ಹೊತ್ತುತ್ತದೆ, ಯಾರ ಮೈಯೂ ಸುಡುವುದಿಲ್ಲ. ಅಂಥ ಪಾಠ ಕಟ್ಟುವುದನ್ನು ಅವಳು ಆನ್‌ಲೈನಿನಲ್ಲಿ ಒಂದು ವರ್ಷದಿಂದ ಕಲಿಯುತ್ತಿದ್ದಳು. ತರಬೇತಿ ವಿಭಾಗದ ಮುಖ್ಯಸ್ಥ ರಾಮಮೋಹನ್ ಹೇಳಿದ್ದರು: ಸಂಕ್ರಾಂತಿಯೊಳಗೆ ಒಂದು ಪಾಠ ಪೂರ್ತಿ ಮಾಡಿ ತೋರಿಸಿದರೆ ಅವಳನ್ನು ತರಬೇತಿಗೆ ತೆಗೆದುಕೊಳ್ಳುತ್ತೇನೆ, ಶಿಫ್ಟ್ ಇರುವುದಿಲ್ಲ. ಆಗದಿದ್ದರೆ ಆ ಜಾಗಕ್ಕೆ ಹೊರಗಿನವರು ಬರುತ್ತಾರೆ. ಐದು ವರ್ಷದಿಂದ ವಾರಕ್ಕೊಂದು ಹೊತ್ತಿಗೆ ಕಂಪನಿ ಬಸ್ಸು ಹತ್ತಿ, ವಾರಕ್ಕೊಂದು ಹೊತ್ತಿಗೆ ಉಂಡು ಮಲಗಿದವಳು ಅವಳು.

"ಕಡಿಮೆ ಬೆಲೇದು ಸಿಗಲ್ವಾ?" ಎಂದ ಆದರ್ಶ್.

"ಸಿಗುತ್ತೆ. ಅದರಲ್ಲಿ ಮೀಟರಿನ ಮುಳ್ಳು ಮಸುಕು. ಮುಳ್ಳು ಓದೋದೇ ಪಾಠ ಕದಂಡೀ, ಅಲ್ವಾ?"

ಹೇಮಾಕ್ಷಿಯವರು ಎಲ್ಲರೂ ಕಾಯುತ್ತಿದ್ದ ಪ್ರಶ್ನೆ ಕೇಳಿದರು. "ಇದನ್ನ ತೊಳೆಯೋರು ಯಾರು?"

"ಮುಖಕ್ಕೆ ಒತ್ತೋ ಮೆತ್ತೆ ಬೆವರು ಹೀರುತ್ತೆ. ದಿನಾ ಒರೆಸ್ಬೇಕು. ನಾನೇ ಒರೆಸ್ತೀನಿ. ಹಾಕ್ಕೊಳ್ಳೋಳು ನಾನೇ ಅಲ್ವಾ?"

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಗೆ ಈ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ. ಹೇಮಾಕ್ಷಿಯವರು ಇನ್ನೊಂದು ಇಡ್ಲಿಯನ್ನು ಸೊಸೆಯ ತಟ್ಟೆಗೆ ಹಾಕಿ, "ಹಾಕ್ಕೊಂಡು ನೋಡದೆ ಹೂಂ ಅನ್ನಲ್ಲ," ಎಂದರು.

ನೋಡುವುದಕ್ಕೆ ವಿಜಯವಾಡಕ್ಕೇ ಹೋಗಬೇಕಿತ್ತು. ಹಾರಿಕಾಳ ತಂದೆ ಬಾಬ್ಜಿಯವರಿಗೆ ಆಟೋನಗರದಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿದೆ. ಅವಳ ತಮ್ಮ ಕೃಷ್ಣಚೈತನ್ಯ ಅಲ್ಲಿ ಅದೇ ಹೆಡ್‌ಸೆಟ್ ಇಟ್ಟುಕೊಂಡು, ತಗಡು ಕತ್ತರಿಸುವ ಮುಂಚೆಯೇ ಮಾಲೀಕರಿಗೆ ಅವರ ಬಸ್ಸಿನ ಒಳಗನ್ನು ತೋರಿಸುತ್ತಾನೆ. ಹಿಂದೊಮ್ಮೆ ಅಕ್ಕನಿಗೆ ಅದನ್ನು ಎರಡು ದಿನ ಕೊಟ್ಟಿದ್ದ. ಅದಿಲ್ಲದೆ ಮೂರನೇ ದಿನ ಅವನ ಕೆಲಸ ನಿಂತಿತ್ತು. ದಸರಾ ರಜೆಯಲ್ಲಿ ಮನೆಯವರೆಲ್ಲ ಬೆಳಗಿನ ರೈಲು ಹಿಡಿದರು.

ಶೆಡ್ಡಿನ ಅಂಗಳದಲ್ಲಿ ವೆಲ್ಡಿಂಗ್ ವಾಸನೆ. ಕೃಷ್ಣಚೈತನ್ಯ ಹೆಡ್‌ಸೆಟ್ಟನ್ನು ಹೇಮಾಕ್ಷಿಯವರ ತಲೆಗೆ ಇಳಿಸಲು ನೋಡಿದ. ಹಿಂದಿನ ಪಟ್ಟಿ ತುರುಬಿಗೆ ಸಿಕ್ಕಿಕೊಂಡಿತು. ಮೇಲೆ ಸರಿಸಿದರೆ ಜಾರಿತು, ಕೆಳಗೆ ಸರಿಸಿದರೆ ಕುತ್ತಿಗೆಗೆ ಬಂತು.

"ಇದನ್ನ ಮಾಡಿದೋರ ಮನೇಲಿ ಯಾರಿಗೂ ತುರುಬಿಲ್ಲ," ಎಂದು ಅವರೇ ತುರುಬು ಬಿಚ್ಚಿ ಜಡೆ ಹೆಣೆದುಕೊಂಡರು.

"ಭಾರ ಇದೆಯಾ ಅತ್ತಯ್ಯಗಾರೂ?"

"ಒಂದು ಸೇರು ಅಕ್ಕಿ ಹಣೆಗೆ ಕಟ್ಟಿದ ಹಂಗೈತೆ. ನಡಿ, ತೋರ್ಸು."

ಅಂಗಳ ಹಾಗೇ ಇತ್ತು. ಬಾಬ್ಜಿ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಅವರ ಪಕ್ಕದಲ್ಲೇ ಒಂದು ಬಸ್ಸು ನಿಂತಿತು. ಹೇಮಾಕ್ಷಿಯವರು ಬಾಗಿಲು ದಾಟಿ ಒಳಗೆ ಹೋದರು. ಎರಡೂ ಕಡೆ ನೀಲಿ ಸೀಟುಗಳು, ಮೇಲೆ ಸಾಮಾನಿನ ಕಂಬಿ, ಕಿಟಕಿಯಾಚೆ ನಿಜವಾದ ಬೇವಿನ ಮರ. "ಅಬ್ಬಬ್ಬಾ," ಎನ್ನುತ್ತ ಮೂರನೇ ಸಾಲಿಗೆ ಬಂದು, ಕೈ ಬಿಡುವಾಗಲಿ ಎಂದು ಪರ್ಸನ್ನು ಸೀಟಿನ ಮೇಲಿಟ್ಟರು.

ಪರ್ಸು ನೆಲಕ್ಕೆ ಬಿದ್ದು, ನಶ್ಯದ ಡಬ್ಬಿ ಸೇರಿ ಒಳಗಿದ್ದದ್ದೆಲ್ಲ ಚೆಲ್ಲಿತು.

"ವದಿನಗಾರೂ, ಸೀಟು ಇನ್ನೂ ಬಿಗಿಸಿಲ್ಲ!" ಎಂದು ಬೀಗಿತ್ತಿಯನ್ನು ಅತ್ತಿಗೆಯೆಂದೇ ಕರೆಯುವ ಬಾಬ್ಜಿ ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ನಕ್ಕರು. ಗೋಪಾಲಕೃಷ್ಣರಂತೂ, "ಮೂರು ಸ್ಕೂಟರ್ ಬೆಲೆಗೆ ನಿನ್ನ ನಶ್ಯ ಬಯಲಾತು ನೋಡು," ಎಂದರು.

ಹೇಮಾಕ್ಷಿಯವರು ಮಾತ್ರ ನಗಲಿಲ್ಲ. ಹೆಡ್‌ಸೆಟ್ ತೆಗೆದು, ನೆಲದ ಮೇಲಿದ್ದ ಪರ್ಸನ್ನು ನೋಡುತ್ತ ನಿಂತರು.

"ಹಾರಿಕಾ, ನನಗೆ ಸೀಟು ಇಲ್ಲ ಅಂತ ಗೊತ್ತಿತ್ತು ಕಣೆ. ಗೊತ್ತಿದ್ದೂ ಕೈ ಹೋತು. ನಿಮ್ಮ ಹೊಸಬರಿಗೂ ಹಿಂಗೇ ಆಗೋದಲ್ಲ? ಕ್ಲಾಸಲ್ಲಿ ಹೇಳಿದ್ದು ತಲೇಲಿ ಇರುತ್ತೆ, ಕೈ ತನ್ನ ಪಾಡಿಗೆ ಹೋಗುತ್ತೆ."

"ಅದೇ, ಅತ್ತಯ್ಯಾ. ಅದೇ ನಾನು ಹೇಳ್ತಿರೋದು."

"ಬೀಳೋದು ಇಲ್ಲೇ ಬೀಳ್ಲಿ ಹಂಗಾದ್ರೆ."

ಊಟಕ್ಕೆ ಇನ್ನೂ ಹೊತ್ತಿತ್ತು. ಶೆಡ್ಡಿನ ಹಿಂದೆಯೇ ಮನೆ. ಹಾರಿಕಾ ಅರ್ಧ ಗಂಟೆ ಪಾಠದ ಕೆಲಸ ಮಾಡುತ್ತೇನೆಂದು ಹೆಡ್‌ಸೆಟ್ ಹಾಕಿಕೊಂಡು ನಡುಮನೆಯಲ್ಲಿ ನಿಂತಳು. ಹೇಮಾಕ್ಷಿಯವರು ಬೀಗಿತ್ತಿ ದುರ್ಗಾಭವಾನಿಯವರ ಗೋರಿಕಾಯಿ ಬುಟ್ಟಿ ಎಳೆದುಕೊಂಡು ಪಕ್ಕದಲ್ಲೇ ಕೂತು ನಾರು ತೆಗೆಯತೊಡಗಿದರು. ತೆಗೆದದ್ದನ್ನು ತಟ್ಟೆಗೆ ಹಾಕುತ್ತಿದ್ದರು. ನಡುನಡುವೆ ಒಂದೊಂದು ಕಾಯಿಯನ್ನು ಮಾತ್ರ ಬೇರೆ ಇಡುತ್ತಿದ್ದರು. ಆಮೇಲೆ ಅರ್ಧ ಗಂಟೆ ಕೃಷ್ಣಚೈತನ್ಯ ಹೆಡ್‌ಸೆಟ್ ಹಾಕಿಕೊಂಡು ಯಾವುದೋ ಬಸ್ಸಿನ ಕಿಟಕಿ ಸರಿಮಾಡಿದ. ಹೇಮಾಕ್ಷಿಯವರು ನಾರು ತೆಗೆಯುತ್ತಲೇ ಇದ್ದರು.

ಊಟಕ್ಕೆ ಕೂತಾಗ ಬಾಬ್ಜಿ ಕೇಳಿದರು, "ಏಮಂಟಾರು ವದಿನಗಾರೂ, ಏನಂತೀರಿ? ತಗೊಳ್ಳಬಹುದಾ?"

"ಯಂತ್ರ ಚಲೋ ಐತೆ, ಅಣ್ಣಯ್ಯಗಾರೂ. ತಗೊಳ್ಲಿ. ಆದ್ರೆ ನಮ್ಮನೇಲಿ ಅದು ಕೆಲಸ ಮಾಡಲ್ಲ."

ಹಾರಿಕಾಳ ಕೈ ಅನ್ನದಲ್ಲೇ ನಿಂತಿತು. ಹೇಮಾಕ್ಷಿಯವರು ಎದ್ದು ಹೋಗಿ, ಬೇರೆ ಇಟ್ಟಿದ್ದ ಗೋರಿಕಾಯಿಗಳನ್ನು ತಂದು ಎಲ್ಲರ ನಡುವೆ ಹಾಕಿದರು. ಒಂಬತ್ತಿದ್ದವು.

"ಇವಳು ಅದನ್ನ ಹಾಕ್ಕೊಂಡಿದ್ದ ಅರ್ಧ ಗಂಟೇಲಿ ಒಂಬತ್ತು ಸಲ ಕರೆದಿದೀವಿ. ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿ, ಫೋನ್ ಚಾರ್ಜರ್ ಎಲ್ಲಿ, ಈ ಮಜ್ಜಿಗೆಗೆ ಉಪ್ಪು ಹಾಕಿದೀಯಾ. ಆದರ್ಶ್ ಮೂರು ಸಲ. ಬೀಗಿತ್ತಿ ಎರಡು ಸಲ. ನೀವೊಂದು ಸಲ, ಇವರೊಂದು ಸಲ."

"ಏಳಾಯ್ತು," ಎಂದ ಗಣಿತದ ಮೇಷ್ಟ್ರು ಆದರ್ಶ್.

"ಇನ್ನೆರಡು ನನ್ನವೇ. ಬಾಯಿಗೆ ಬಂದಾದ್ಮೇಲೆ ಗೊತ್ತಾತು." ಹೇಮಾಕ್ಷಿಯವರು ಕೃಷ್ಣಚೈತನ್ಯನ ಕಡೆ ನೋಡಿದರು. "ನಿನ್ನ ಲೆಕ್ಕಕ್ಕೆ ಒಂದು ಕಾಯೂ ಬೀಳಲಿಲ್ಲಪ್ಪ. ನಿಮ್ಮಮ್ಮ ಫ್ಯಾನ್ ಹಾಕಿ ಹೋದ್ರು."

ದುರ್ಗಾಭವಾನಿಯವರು ತಲೆ ತಗ್ಗಿಸಿ ನಕ್ಕರು. ಅವರೊಬ್ಬರಿಗೇ ಆ ಮಾತು ಪೂರ್ತಿ ಅರ್ಥವಾದಂತಿತ್ತು.

ಹೆಡ್‌ಸೆಟ್ ನವೆಂಬರಿನಲ್ಲಿ ಬಂತು. ಹಾಕಿಕೊಂಡು ಓಡಾಡಲು ಉದ್ದಗಲ ಎರಡೆರಡು ಮೀಟರ್ ಖಾಲಿ ಜಾಗ ಬೇಕೆಂದು ಪುಸ್ತಿಕೆಯಲ್ಲಿತ್ತು. ಹೇಮಾಕ್ಷಿಯವರು ಅಳತೆಗೆ ತಮ್ಮ ಹತ್ತಿ ಸೀರೆಯನ್ನೇ ಹಿಡಿದು ಫ್ಲ್ಯಾಟೆಲ್ಲ ಸುತ್ತಿದರು. ಅಡುಗೆಮನೆ ಹಿಡಿಸಲಿಲ್ಲ. ಮಲಗುವ ಕೋಣೆಗಳಲ್ಲಿ ಮಂಚ. ಉಳಿದದ್ದು ಹಾಲ್. ಅಲ್ಲಿ ಬಾಲ್ಕನಿಯ ಪಕ್ಕ, ಸಮುದ್ರದ ಗಾಳಿ ನೇರವಾಗಿ ಬರುವ ಕಡೆ, ಗೋಪಾಲಕೃಷ್ಣರು ಮಲಗುವ ಮೆತ್ತನೆಯ ದಿವಾನ ಇತ್ತು.

"ನಾನು ಮಧ್ಯಾಹ್ನ ಎಲ್ಲಿ ಮಲಗ್ಲಿ?"

"ನಾನು ಮೂವತ್ತು ವರ್ಷ ಎಲ್ಲಿ ಮಲಗಿದೀನೋ ಅಲ್ಲಿ. ಚಾಪೆ ಕೊಡ್ತೀನಿ ಬರ್ರಿ."

ದಿವಾನ ಮೊದಲ ಮಹಡಿಯವರ ಪಾಲಾಯಿತು. ಬೆಳಗಿನ ಶಿಫ್ಟ್ ಇದ್ದ ವಾರಗಳಲ್ಲಿ ಹಾರಿಕಾ ಮೂರೂವರೆಗೆ ಬಂದು, ನಾಲ್ಕರಿಂದ ಆರರವರೆಗೆ ಅಲ್ಲಿ ಕೆಲಸ ಮಾಡುತ್ತಿದ್ದಳು. ಬೇರೆ ಶಿಫ್ಟಿನ ವಾರಗಳಲ್ಲಿ ಅವಳಿಗೆ ನಿದ್ದೆಯೇ ಸಾಲುತ್ತಿರಲಿಲ್ಲ. ಸಂಕ್ರಾಂತಿಗೆ ಏಳು ವಾರ ಉಳಿದಿತ್ತು. ಕೆಲಸದ ವಾರ ಎಂದರೆ ಎರಡೋ ಮೂರೋ ಅಷ್ಟೆ.

ಹಾಕಿಕೊಂಡವರಿಗೆ ತಮ್ಮ ಜಾಗದ ಸುತ್ತ ಒಂದು ನೀಲಿ ಗೆರೆ ಕಾಣುತ್ತದೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಅವರ ಕಣ್ಣಿಗೆ, ಹಾಲ್‌ನ ನಡುವೆ ಸೊಸೆ ಸುಮ್ಮನೆ ಗಾಳಿಯಲ್ಲಿ ಕೈಯಾಡಿಸುತ್ತ ನಿಂತಿರುತ್ತಾಳೆ. ನಾಲ್ಕನೇ ದಿನ ಗೋಪಾಲಕೃಷ್ಣರು, "ಖಾಲಿ ಇದೀಯಾ ಹಾರಿಕಾ? ನನ್ನ ಕನ್ನಡಕ ನೋಡಿದೆಯಾ?" ಎಂದು ನೇರ ರಿಯಾಕ್ಟರಿನೊಳಕ್ಕೆ ನಡೆದು ಬಂದರು. ವಾಲ್ವ್ ತಿರುಗಿಸಲು ಚಾಚಿದ ಅವಳ ಕೈ ಮಾವನ ಮೂಗಿಗೆ ತಗುಲಿತು. ಹೆಡ್‌ಸೆಟ್ ಕಿತ್ತುಕೊಳ್ಳುವ ಗಡಿಬಿಡಿಯಲ್ಲಿ ಒಂದೂವರೆ ಗಂಟೆಯ ಕೆಲಸ ಸೇವ್ ಆಗದೆ ಅಳಿಸಿಹೋಯಿತು. ಹಾರಿಕಾ ಮುಖ ತೊಳೆದುಕೊಂಡು ಬಂದು ಮಾವನಿಗೆ ಐಸು ಕೊಟ್ಟಳು. ಕನ್ನಡಕ ಅವರ ಹಣೆಯ ಮೇಲೇ ಇತ್ತು.

ಮರುದಿನ ನಾಲ್ಕು ಗಂಟೆಗೆ ಹೇಮಾಕ್ಷಿಯವರು ರಂಗೋಲಿ ಡಬ್ಬಿ ತಂದರು. ಸೊಸೆ ಹೆಡ್‌ಸೆಟ್ ಹಾಕಿಕೊಂಡು ನೀಲಿ ಗೆರೆ ಎಲ್ಲಿದೆಯೆಂದು ಬೆರಳಿನಿಂದ ತೋರಿಸುತ್ತ ಹೋದಳು. ಅತ್ತೆ ಅದರ ಮೇಲೇ ಬಿಳಿ ಎಳೆ ಎಳೆಯುತ್ತ ಹೋದರು. ಮೂಲೆಗಳಲ್ಲಿ ಒಂದೊಂದು ಪದ್ಮ.

"ಮನೆ ಒಳಗೆ, ಸಂಜೆ ಹೊತ್ತಿಗೆ ರಂಗೋಲಿನಾ?" ಎಂದರು ಗೋಪಾಲಕೃಷ್ಣ.

"ತುಳೀರಿ ನೋಡಣ."

ಅವರು ಕಾಲೆತ್ತಿ, ಹಾಗೆಯೇ ಹಿಂದಕ್ಕಿಟ್ಟರು. ಅರವತ್ತಾರು ವರ್ಷದಲ್ಲಿ ರಂಗೋಲಿ ತುಳಿದವರಲ್ಲ. ಆಗ ಅವರಿಗೆ ಹೆಂಡತಿಯದೇ ಪ್ರಶ್ನೆ ನೆನಪಾಯಿತು. ಗೆದ್ದವರಂತೆ ಕೇಳಿದರು: "ಅದ್ಸರಿ. ಇದನ್ನ ಒರೆಸೋರು ಯಾರು?"

"ನೀವು," ಎಂದು ಹೇಮಾಕ್ಷಿಯವರು ಒದ್ದೆ ಬಟ್ಟೆ ಅವರ ಕೈಗೆ ಕೊಟ್ಟರು. "ಆರು ಗಂಟೆಗೆ."

ಸಂಕ್ರಾಂತಿಗೆ ಮೂರು ದಿನ ಮುಂಚೆ ಹಾರಿಕಾ ಪಾಠವನ್ನು ಕಾರ್ಖಾನೆಗೆ ಒಯ್ದಳು. ಮೊದಲು ಹಾಕಿಕೊಂಡವರು ರಾಮಮೋಹನ್. ಇಪ್ಪತ್ತೆರಡು ವರ್ಷ ಅನುಭವದ ಅವರ ಕೈ, ಮಾತಾಡುತ್ತಾಡುತ್ತ, ತಪ್ಪು ವಾಲ್ವಿಗೇ ಹೋಯಿತು. ಕೆಂಪು ದೀಪಕ್ಕೆ ಅವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿಗೆ ಡಿಕ್ಕಿ ಹೊಡೆದರು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, "ಇಂಕೋಸಾರಿ, ಇನ್ನೊಂದು ಸಲ," ಎಂದರು. ಫೆಬ್ರವರಿಯಿಂದ ಹಾರಿಕಾ ತರಬೇತಿ ವಿಭಾಗದಲ್ಲಿದ್ದಾಳೆ. ಅವಳ ಬಸ್ಸು ಈಗ ದಿನವೂ ಒಂದೇ ಹೊತ್ತಿಗೆ ಬರುತ್ತದೆ.

ಹೆಡ್‌ಸೆಟ್ ಕೊಳ್ಳಬಹುದಾ ಎಂದು ಮಾಧವೀಲತಾ ಮೊನ್ನೆ ಕೇಳಿದಳು. ಅವಳ ಗಂಡನಿಗೆ ಅದರಲ್ಲಿ ಕ್ರಿಕೆಟ್ ನೋಡಬೇಕಂತೆ. "ಕತ್ತು ನೋಯುತ್ತೆ, ಎರಡು ತಾಸಿಗೆ ಚಾರ್ಜ್ ಮುಗಿಯುತ್ತೆ, ತುರುಬಿಗೆ ಆಗಲ್ಲ," ಎಂದರು ಹೇಮಾಕ್ಷಿ. "ಅದರಿಂದ ನಿನಗೊಂದು ಕೆಲಸ ಕಡಿಮೆ ಆಗೋದಾದ್ರೆ ತಗೋ. ಅವರಿಗೆ ಕ್ರಿಕೆಟ್ಟು, ನಿನಗೆ ಮೆತ್ತೆ ಒರೆಸೋದು ಅಂತಾದ್ರೆ ಬ್ಯಾಡ."

ಹಾರಿಕಾ ಈಗ ಎರಡನೇ ಪಾಠ ಕಟ್ಟುತ್ತಿದ್ದಾಳೆ. ಕಳೆದ ಶನಿವಾರ ಐದು ಗಂಟೆಗೆ ಮನೆಯ ಫೋನು ಬಡಿದುಕೊಂಡಿತು. ಹೇಮಾಕ್ಷಿಯವರು ಬಾಲ್ಕನಿಯಲ್ಲಿ, ಆರಿದ ಬಟ್ಟೆಯ ಗುಡ್ಡೆಯ ಪಕ್ಕ, ಕಾಲು ಚಾಚಿ ನಶ್ಯ ಏರಿಸುತ್ತ ಕೂತಿದ್ದರು. ಏಳಲಿಲ್ಲ. ಗೋಪಾಲಕೃಷ್ಣರು ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ರಂಗೋಲಿಯ ಅಂಚಿನಲ್ಲಿ ಬಳಸಿಕೊಂಡು ಹೋಗಿ ಫೋನೆತ್ತಿದರು. ಆ ಕಡೆ ದುರ್ಗಾಭವಾನಿ.

"ಅಣ್ಣಯ್ಯಗಾರೂ, ಹಾರಿಕಾ ಖಾಲಿನಾ?"

"ಇಲ್ಲಮ್ಮ, ಖಾಲಿ ಇಲ್ಲ."

"ಪೋನೀ, ಹೋಗ್ಲಿ, ವದಿನಗಾರು?"

ಗೋಪಾಲಕೃಷ್ಣರು ಬಾಲ್ಕನಿಯ ಕಡೆ ತಿರುಗಿ ನೋಡಿದರು. ಹೆಂಡತಿ ಸಮುದ್ರದ ಗಾಳಿಗೆ ಕಣ್ಣು ಮುಚ್ಚಿದ್ದರು.

"ಅವಳೂ ಖಾಲಿ ಇಲ್ಲ," ಎಂದರು. "ಏನು ವಿಷಯ, ನನಗೇ ಹೇಳಿ."